ಪಂಚಾಂಗವನ್ನು ಆಕಾಶಕ್ಕೆ ಹಿಡಿದು ನೋಡಿದ ಪುಣೆ

ಈ ತಿಂಗಳು ಯಾವ ಗ್ರಹ ಯಾವ ನಕ್ಷತ್ರದ ಬಳಿ ನಿಂತಿದೆ, ಶುಕ್ರ ಸಂಜೆ ಕಾಣುತ್ತಾನೋ ಬೆಳಗಿನ ಜಾವವೋ, ಗ್ರಹಣ ಎಷ್ಟು ಹೊತ್ತಿಗೆ ಹಿಡಿದು ಎಷ್ಟು ಹೊತ್ತಿಗೆ ಬಿಡುತ್ತದೆ ಎಂಬ ಪ್ರಶ್ನೆಗಳಿಗೆ ದಖನಿನ ಮನೆಗಳಲ್ಲಿ ಬಹುಕಾಲ ಉತ್ತರ ಹೇಳುತ್ತಿದ್ದುದು ಪಂಚಾಂಗ. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಐದು ಅಂಗಗಳನ್ನು ದಿನದಿನಕ್ಕೂ ಲೆಕ್ಕಹಾಕಿ ಕೊಡುವ ಈ ಪುಸ್ತಕವನ್ನು ಜನ ಮುಹೂರ್ತಕ್ಕೂ ವ್ರತಕ್ಕೂ ತೆರೆಯುತ್ತಿದ್ದರಾದರೂ, ವಾರವೊಂದನ್ನುಳಿದು ಅದರ ಪ್ರತಿಯೊಂದು ಅಂಕಿಯೂ ಸೂರ್ಯಚಂದ್ರರು ಆಕಾಶದ ಯಾವ ಭಾಗದಲ್ಲಿದ್ದಾರೆ ಎಂಬುದರ ಹೇಳಿಕೆಯೇ ಆಗಿತ್ತು. ಆ ಹೇಳಿಕೆ ನಿಜವೋ ಸುಳ್ಳೋ ಎಂಬ ವಿಚಾರಣೆ 19ನೇ ಶತಮಾನದ ಮಧ್ಯಭಾಗದಲ್ಲಿ ಪುಣೆಯಲ್ಲಿ ಗಟ್ಟಿಯಾಗಿ ಮೊದಲಾಯಿತು. ಸುಮಾರು ನೂರು ವರ್ಷ ನಡೆದ ಆ ವಿವಾದದಲ್ಲಿ ಕಾಲೇಜಿನ ಪ್ರಾಧ್ಯಾಪಕರು, ಪತ್ರಿಕಾ ಸಂಪಾದಕರು, ಸಂಸ್ಥಾನದ ಆಶ್ರಯದಾತರು ಮಾತ್ರವಲ್ಲದೆ, ಪುಣೆಯಿಂದ ದೂರದ ಬಾಗಲಕೋಟೆಯಲ್ಲಿ ಶಾಲೆ ನಡೆಸುತ್ತಿದ್ದ ಒಬ್ಬ ಗಣಿತಜ್ಞರೂ ಭಾಗಿಗಳಾದರು.

ಚಾಂದ್ರಮಾಸಗಳ ಹೆಸರುಗಳೇ ಆಕಾಶ ನೋಡುವವನಿಗೆ ಮೊದಲ ಸೂಚನೆಗಳು ಎಂಬುದನ್ನು ಇಲ್ಲಿ ನೆನೆಯಬೇಕು. ಹುಣ್ಣಿಮೆಯ ಚಂದ್ರ ಚಿತ್ರಾ ನಕ್ಷತ್ರದ ಆಸುಪಾಸಿನಲ್ಲಿ ನಿಲ್ಲುವ ತಿಂಗಳು ಚೈತ್ರ, ಕೃತ್ತಿಕೆಯ ಬಳಿ ನಿಲ್ಲುವುದು ಕಾರ್ತಿಕ, ಮೃಗಶಿರೆಯ ಬಳಿ ನಿಲ್ಲುವುದು ಮಾರ್ಗಶಿರ; ಹೀಗೆ ಹನ್ನೆರಡು ಹೆಸರುಗಳೂ 27 ನಕ್ಷತ್ರಗಳ ಸಾಲಿನಿಂದ ಆಯ್ದುಕೊಂಡವು. ಮರಾಠಿ ಮತ್ತು ಕನ್ನಡ ಸೀಮೆಗಳೆರಡರಲ್ಲೂ ತಿಂಗಳು ಅಮಾವಾಸ್ಯೆಗೆ ಮುಗಿಯುವ ಅಮಾಂತ ಪದ್ಧತಿಯೇ ಇದ್ದುದರಿಂದ ಪುಣೆಯಲ್ಲಿ ಅಚ್ಚಾದ ಪಂಚಾಂಗವನ್ನು ಬೆಳಗಾವಿ, ಧಾರವಾಡ, ವಿಜಾಪುರಗಳ ಮನೆಗಳಲ್ಲಿ ಓದಲು ಅಡ್ಡಿಯಿರಲಿಲ್ಲ. ಈ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು, ಅಲ್ಲಿನ ಶಿಕ್ಷಣ ಇಲಾಖೆಯ ಕೇಂದ್ರ ಪುಣೆಯಲ್ಲೇ ಇತ್ತು; ಆದ್ದರಿಂದ ಪುಣೆಯ ವಿದ್ವಾಂಸರ ಜಗಳ ಕೃಷ್ಣೆ ಘಟಪ್ರಭೆಗಳ ದಡಕ್ಕೂ ಬಂದು ಮುಟ್ಟುವುದು ಸಹಜವೇ ಆಗಿತ್ತು.

ವಿಚಾರಣೆಗೆ ಗುರಿಯಾದ ಗ್ರಂಥ ಗ್ರಹಲಾಘವ. ಕೊಂಕಣ ತೀರದ ನಂದಿಗ್ರಾಮದ ಗಣೇಶ ದೈವಜ್ಞ 1520ರ ಸುಮಾರಿಗೆ ರಚಿಸಿದ ಇದು ಕರಣಗ್ರಂಥಗಳ ಸಾಲಿಗೆ ಸೇರುತ್ತದೆ. ಸಿದ್ಧಾಂತಗ್ರಂಥ ಕಲ್ಪದ ಆದಿಯಿಂದ ಕೋಟಿಗಟ್ಟಲೆ ದಿನಗಳನ್ನು ಎಣಿಸಿಕೊಂಡು ಬರುವಲ್ಲಿ, ಕರಣಗ್ರಂಥ ತನ್ನ ಕಾಲಕ್ಕೆ ಸಮೀಪದ ಒಂದು ದಿನವನ್ನು ಆರಂಭವೆಂದು ಹಿಡಿದು ಲೆಕ್ಕವನ್ನು ಹಗುರಗೊಳಿಸುತ್ತದೆ. ಗಣೇಶ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 4016 ದಿನಗಳ, ಎಂದರೆ ಸುಮಾರು 11 ವರ್ಷಗಳ ಚಕ್ರವೊಂದನ್ನು ಬಳಸಿ ದೊಡ್ಡ ಸಂಖ್ಯೆಗಳನ್ನು ತಪ್ಪಿಸಿದನಲ್ಲದೆ, ತ್ರಿಕೋಣಮಿತಿಯ ಜ್ಯಾ ಕೋಷ್ಟಕಗಳಿಲ್ಲದೆಯೇ ಗ್ರಹಸ್ಥಾನ ತೆಗೆಯುವ ಸೂತ್ರಗಳನ್ನು ಕೊಟ್ಟ. ಕೂಡುವುದು ಕಳೆಯುವುದು ಗುಣಿಸುವುದು ಬಲ್ಲ ಹಳ್ಳಿಯ ಜೋಯಿಸನೂ ಪಂಚಾಂಗ ಮಾಡಬಲ್ಲವನಾದ. ಗ್ರಂಥ ಮೂರೂವರೆ ಶತಮಾನ ದಖನಿನಲ್ಲೂ ಗುಜರಾತಿನಲ್ಲೂ ಆಳಿದ್ದು ಈ ಸೌಲಭ್ಯದಿಂದ. ಗಣೇಶನ ತಂದೆ ಕೇಶವ ದೈವಜ್ಞ ಸ್ವತಃ ಆಕಾಶವನ್ನು ವೀಕ್ಷಿಸಿ ಹಳೆಯ ಸಿದ್ಧಾಂತಗಳ ಅಂಕಿಗಳನ್ನು ತಿದ್ದಿದವನು, ಮಗನೂ ಬೇರೆ ಬೇರೆ ಗ್ರಹಗಳಿಗೆ ಬೇರೆ ಬೇರೆ ಸಿದ್ಧಾಂತಗಳಿಂದ, ಯಾವುದು ಕಣ್ಣಿಗೆ ಹೊಂದುತ್ತದೋ ಅದನ್ನು, ಆರಿಸಿಕೊಂಡವನು. ಆದ್ದರಿಂದ ಮುಂದಿನವರು ಗ್ರಹಲಾಘವವನ್ನು ಶಾಸ್ತ್ರವೆಂದು ಅಪ್ಪಿಕೊಂಡು ಆಕಾಶವನ್ನು ನೋಡುವುದು ಬಿಟ್ಟದ್ದನ್ನು ಆ ತಂದೆಮಕ್ಕಳ ಪರಂಪರೆ ಎನ್ನುವುದಕ್ಕಿಂತ ಅದಕ್ಕೆ ಬಗೆದ ಎರಡು ಎನ್ನುವುದೇ ಸರಿ.

ಮೂರೂವರೆ ಶತಮಾನದಲ್ಲಿ ಲೆಕ್ಕ ಎಲ್ಲಿ ಜಾರಿತು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ವಿವಾದದ ತಿರುಳು ಅಲ್ಲಿದೆ. ತಿಥಿ ಎಂದರೆ ಚಂದ್ರ ಸೂರ್ಯನಿಂದ 12 ಅಂಶ ಮುಂದೆ ಸರಿಯಲು ಹಿಡಿಯುವ ಕಾಲ. ಚಂದ್ರನ ವೇಗ ಒಂದೇ ಸಮನಾಗಿಲ್ಲದ ಕಾರಣ ತಿಥಿಯೂ ಹಿಗ್ಗುತ್ತದೆ, ಕುಗ್ಗುತ್ತದೆ. ಭಾರತೀಯ ಸಿದ್ಧಾಂತಗಳು ಚಂದ್ರಗತಿಯ ಈ ಏರಿಳಿತಕ್ಕೆ ಸುಮಾರು 5 ಅಂಶಗಳ ಒಂದೇ ಸಂಸ್ಕಾರವನ್ನು, ಎಂದರೆ ತಿದ್ದುಪಡಿಯನ್ನು, ಹೇಳುತ್ತವೆ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಅಷ್ಟೇ ಸಾಕಾಗುತ್ತದೆ. ಆದರೆ ಸೂರ್ಯನ ಸೆಳೆತದಿಂದ ಚಂದ್ರನ ಚಲನೆಯಲ್ಲಿ ಉಂಟಾಗುವ ಇನ್ನೊಂದು ವಿಚಲನ ಅರ್ಧಚಂದ್ರನ ಹೊತ್ತಿಗೆ ಪ್ರಬಲವಾಗಿ, ಆ ಸಂಸ್ಕಾರ 7 ಅಂಶಗಳನ್ನು ಮೀರಬೇಕಾಗುತ್ತದೆ. 10ನೇ ಶತಮಾನದ ಜ್ಯೋತಿಷಿ ಮುಂಜಾಲನಿಗೆ ಇದರ ಸುಳಿವು ಸಿಕ್ಕಿತ್ತಾದರೂ ಪಂಚಾಂಗಗಳ ಬಳಕೆಗೆ ಅದು ಇಳಿಯಲಿಲ್ಲ. ಪರಿಣಾಮವಾಗಿ ಗ್ರಹಣದ ದಿನ, ಎಂದರೆ ಜನರೆಲ್ಲ ತಲೆಯೆತ್ತಿ ನೋಡುವ ದಿನ, ಹಳೆಯ ಪಂಚಾಂಗ ಹೇಗೋ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಿತ್ತು. ಯಾರೂ ನೋಡದ ಅಷ್ಟಮಿಯ ದಿನ ಅದರ ಚಂದ್ರ ನಿಜವಾದ ಚಂದ್ರನಿಗಿಂತ ಎರಡೂವರೆ ಅಂಶದಷ್ಟು ದೂರವಿದ್ದು, ತಿಥಿ ಮುಗಿಯುವ ವೇಳೆ ಹತ್ತು ಗಳಿಗೆಗೂ ಮಿಕ್ಕಿ ತಪ್ಪುವುದಿತ್ತು. 24 ನಿಮಿಷಕ್ಕೆ ಒಂದು ಗಳಿಗೆಯಂತೆ ಇದು ನಾಲ್ಕು ಗಂಟೆಯನ್ನು ದಾಟುತ್ತದೆ. ಏಕಾದಶಿಯ ಉಪವಾಸ ಇಂದೋ ನಾಳೆಯೋ ಎಂಬ ತೀರ್ಮಾನವನ್ನೇ ಬದಲಿಸಲು ಇಷ್ಟು ಅಂತರ ಸಾಕು.

ಹಳಬರ ಪಕ್ಷಕ್ಕೂ ಒಂದು ವಾದವಿತ್ತು, ಅದನ್ನು ಕೇವಲ ಮೊಂಡುತನವೆಂದು ತಳ್ಳಿಹಾಕಲಾಗದು. ತಿಥಿ ಹೆಚ್ಚೆಂದರೆ 65 ಗಳಿಗೆಗೆ ಹಿಗ್ಗಬಹುದು, ಕಡಿಮೆಯೆಂದರೆ 54 ಗಳಿಗೆಗೆ ಕುಗ್ಗಬಹುದು ಎಂಬ ಅಳತೆಯನ್ನು ಬಾಣವೃದ್ಧಿ ರಸಕ್ಷಯ ಎಂಬ ಸೂತ್ರದಲ್ಲಿ ಅಡಕಗೊಳಿಸಿ, ಶ್ರಾದ್ಧ ವ್ರತಗಳ ನಿಯಮಗಳನ್ನು ಧರ್ಮಶಾಸ್ತ್ರಕಾರರು ಅದಕ್ಕೆ ಹೊಂದಿಸಿಕೊಂಡಿದ್ದರು. ಆಕಾಶಕ್ಕೆ ಸರಿಹೊಂದುವ ಗಣಿತದಲ್ಲಾದರೋ ತಿಥಿ ಏಳು ಗಳಿಗೆ ಹಿಗ್ಗಬಲ್ಲದು, ಹತ್ತು ಗಳಿಗೆ ಕುಗ್ಗಬಲ್ಲದು. ನಿಯಮಗಳು ಊಹಿಸದ ಸಂದರ್ಭಗಳು ಆಗ ಹುಟ್ಟಿಕೊಳ್ಳುತ್ತವೆ. ಅವಕ್ಕೆ ಉತ್ತರ ಹೇಳುವವರು ಯಾರು ಎಂಬುದು ಶಾಸ್ತ್ರಿಗಳ ಪ್ರಶ್ನೆಯಾಗಿತ್ತು.

ಈ ಹಿನ್ನೆಲೆಯಲ್ಲಿ ಕೇರೋ ಲಕ್ಷ್ಮಣ ಛತ್ರೆಯವರು ಬರುತ್ತಾರೆ. ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಕೆಲಸ ಮಾಡಿ ಪುಣೆಗೆ ಬಂದು, ಅಲ್ಲಿನ ಕಾಲೇಜಿನಲ್ಲಿ ಗಣಿತ ಮತ್ತು ಭೌತವಿಜ್ಞಾನಗಳ ಪ್ರಾಧ್ಯಾಪಕರಾದ ಅವರು, ಯುರೋಪಿನ ಕೋಷ್ಟಕಗಳನ್ನು ಆಧರಿಸಿ 1860ರಲ್ಲಿ ಗ್ರಹಸಾಧನದ ಕೋಷ್ಟಕಗಳನ್ನು ಮರಾಠಿಯಲ್ಲಿ ಪ್ರಕಟಿಸಿದರು. ಆಬಾಸಾಹೇಬ ಪಟವರ್ಧನರ ಬೆಂಬಲದಿಂದ ಆ ಕೋಷ್ಟಕಗಳ ಮೇಲೆ 1865ರಿಂದ ಹೊರಬಂದ ಪಂಚಾಂಗಕ್ಕೆ ಪಟವರ್ಧನೀ ಪಂಚಾಂಗವೆಂದೇ ಹೆಸರಾಯಿತು. ಪುಸ್ತಕದಲ್ಲಿ ಬರೆದದ್ದು ಆಕಾಶದಲ್ಲಿ ಕಾಣಬೇಕು ಎಂಬ ತತ್ತ್ವಕ್ಕೆ ಶಾಸ್ತ್ರದಲ್ಲಿ ದೃಕ್ಪ್ರತ್ಯಯ ಎನ್ನುತ್ತಾರೆ. ಕನ್ನಡ ಓದುಗರಿಗೆ ಪರಿಚಿತವಾದ ದೃಗ್ಗಣಿತ ಪಂಚಾಂಗ ಎಂಬ ಮಾತು ಇದರಿಂದಲೇ ಬಂದದ್ದು. ಮದರಾಸಿನಲ್ಲಿ ಚಿಂತಾಮಣಿ ರಘುನಾಥಾಚಾರ್ಯರು, ಕಾಶಿಯಲ್ಲಿ ಬಾಪುದೇವ ಶಾಸ್ತ್ರಿಗಳು ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಇಂಥದೇ ಪಂಚಾಂಗಗಳನ್ನು ಹೊರಡಿಸಿದರಾದರೂ ಪುಣೆಯ ಪ್ರಯತ್ನ ಅವೆರಡಕ್ಕೂ ಮೊದಲಿನದು. ಒಂದು ಮಾತನ್ನು ಮಾತ್ರ ಮರೆಯುವಂತಿಲ್ಲ: ದೃಕ್ ಎಂದರೆ ಕಣ್ಣು, ಆದರೆ ಈ ಪಂಚಾಂಗಗಳ ಹಿಂದಿದ್ದ ಕಣ್ಣು ಬಹುಮಟ್ಟಿಗೆ ಗ್ರೀನಿಚ್ ಮತ್ತು ಪ್ಯಾರಿಸ್ ವೀಕ್ಷಣಾಲಯಗಳದು. ಪುಣೆಯ ಸುಧಾರಕರು ಆಕಾಶದ ಹೆಸರಿನಲ್ಲಿ ವಾದಿಸಿದರೂ ಅವರ ಆಕಾಶ ಬಂದದ್ದು ಅಚ್ಚಾದ ಕೋಷ್ಟಕಗಳ ಮೂಲಕ.

ಚಂದ್ರನ ಗತಿಯನ್ನು ತಿದ್ದುವುದಷ್ಟೇ ಆಗಿದ್ದರೆ ಜಗಳ ಬೇಗ ಮುಗಿಯುತ್ತಿತ್ತೇನೋ. ತೊಡಕಾದದ್ದು ರಾಶಿಚಕ್ರದ ಆರಂಭಬಿಂದು. ಹಗಲು ರಾತ್ರಿಗಳು ಸಮವಾಗುವ ವಸಂತ ವಿಷುವದ ದಿನ ಸೂರ್ಯನಿರುವ ಬಿಂದು ನಕ್ಷತ್ರಗಳ ನಡುವೆ ವರ್ಷಕ್ಕೆ ಸುಮಾರು 50 ವಿಕಲೆಗಳಷ್ಟು ಹಿಂದಕ್ಕೆ ಸರಿಯುತ್ತದೆ. ಭೂಮಿಯ ಅಕ್ಷ ನಿಧಾನವಾಗಿ ತೂಗಾಡುವುದು ಇದಕ್ಕೆ ಕಾರಣ. ಜಾರುವ ಈ ಬಿಂದುವಿನಿಂದಲೇ ಅಳೆದರೆ ಅದು ಸಾಯನ, ಸ್ಥಿರ ನಕ್ಷತ್ರವೊಂದರಿಂದ ಅಳೆದರೆ ನಿರಯಣ. ಎರಡರ ನಡುವಣ ಅಂತರಕ್ಕೆ ಅಯನಾಂಶ ಎಂದು ಹೆಸರು. ಭಾರತದ ಪಂಚಾಂಗಗಳು ನಿರಯಣವನ್ನೇ ಹಿಡಿದು ಬಂದಿವೆ, ಆದರೆ ಯಾವ ನಕ್ಷತ್ರದಿಂದ ಅಳೆಯಬೇಕು ಎಂಬುದರಲ್ಲಿ ಗ್ರಂಥಗಳು ಒಂದೇ ಮಾತು ಹೇಳುವುದಿಲ್ಲ. ರೇವತಿಯ ಮುಖ್ಯತಾರೆ ಚಕ್ರದ ಕೊನೆಯಲ್ಲಿದೆ ಎಂದೂ ಚಿತ್ರಾ ಸರಿಯಾಗಿ ನಡುವೆ, 180 ಅಂಶದಲ್ಲಿ, ಇದೆ ಎಂದೂ ಸೂರ್ಯಸಿದ್ಧಾಂತ ಹೇಳುತ್ತದೆ. ಆಕಾಶದಲ್ಲಿ ಅಳೆದರೆ ಎರಡೂ ಒಟ್ಟಿಗೆ ನಿಜವಾಗಲಾರವು, ಸುಮಾರು 4 ಅಂಶಗಳ ವ್ಯತ್ಯಾಸ ಉಳಿಯುತ್ತದೆ. ಛತ್ರೆಯವರು ರೇವತಿಯನ್ನು ಆರಿಸಿದರು. ಮೀನರಾಶಿಯ ಜೀಟಾ ಎಂದು ಪಶ್ಚಿಮದವರು ಕರೆಯುವ ಆ ತಾರೆ ಐದನೆಯ ಪ್ರಮಾಣದ ಮಂಕುಚುಕ್ಕಿ. ಚಿತ್ರಾವಾದರೋ ಮೊದಲ ಪ್ರಮಾಣದ ಉಜ್ವಲ ನಕ್ಷತ್ರ.

ಸೂರ್ಯ ದಿನಕ್ಕೆ ಸುಮಾರು ಒಂದು ಅಂಶ ನಡೆಯುವುದರಿಂದ 4 ಅಂಶಗಳ ಈ ಭೇದ ಸಂಕ್ರಾಂತಿಯನ್ನು ನಾಲ್ಕು ದಿನ ಹಿಂದೆ ಮುಂದೆ ಮಾಡುತ್ತದೆ. ಸಂಕ್ರಾಂತಿ ಬೀಳದ ಚಾಂದ್ರಮಾಸವೇ ಅಧಿಕಮಾಸವಾದ್ದರಿಂದ, ಕೆಲವು ವರ್ಷಗಳಲ್ಲಿ ಒಂದು ಪಂಚಾಂಗದಂತೆ ಅಧಿಕವಾದ ತಿಂಗಳು ಇನ್ನೊಂದರಂತೆ ನಿಜಮಾಸವಾಗಿ, ಗಣೇಶನ ಹಬ್ಬವೋ ದೀಪಾವಳಿಯೋ ಇಡೀ ಒಂದು ತಿಂಗಳು ಸರಿದುಹೋಗುತ್ತದೆ. ಗಣಿತದ ಸೂಕ್ಷ್ಮವೆಂದು ತೋರಿದ್ದು ಅಡುಗೆಮನೆಯ ವರೆಗೂ ಬಂದದ್ದು ಹೀಗೆ.

ಈ ಎರಡು ನಕ್ಷತ್ರಗಳ ಗೊಡವೆಯೇ ಬೇಡವೆಂದವರೂ ಪುಣೆಯ ಸುತ್ತ ಇದ್ದರು. ವಿಸಾಜಿ ರಘುನಾಥ ಲೇಲೆ, ಜನಾರ್ದನ ಬಾಳಾಜಿ ಮೋಡಕ, ಶಂಕರ ಬಾಳಕೃಷ್ಣ ದೀಕ್ಷಿತ ಮೊದಲಾದವರು ಸಾಯನವೇ ವೈದಿಕವೂ ಋತುಗಳಿಗೆ ಹೊಂದುವಂಥದೂ ಎಂದು ವಾದಿಸಿ 1884ರ ಸುಮಾರಿಗೆ ಸಾಯನ ಪಂಚಾಂಗವನ್ನು ಆರಂಭಿಸಿದರು. ಹೀಗೆ 1880ರ ದಶಕದಲ್ಲಿ ಓದುಬರಹ ಬಲ್ಲ ಪುಣೇಕರನ ಮುಂದೆ ಮೂರು ಬಗೆಯ ಪಂಚಾಂಗಗಳಿದ್ದವು, ಮೂರೂ ತಾವೇ ಶುದ್ಧವೆನ್ನುತ್ತಿದ್ದವು. ಇವರಲ್ಲಿ ದೀಕ್ಷಿತರ ಹೆಸರು ಉಳಿದದ್ದು ಪಂಚಾಂಗದಿಂದಲ್ಲ. ಪುಣೆಯ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಅವರು 1896ರಲ್ಲಿ ಮರಾಠಿಯಲ್ಲಿ ಪ್ರಕಟಿಸಿದ ಭಾರತೀಯ ಜ್ಯೋತಿಶಾಸ್ತ್ರದ ಇತಿಹಾಸ ಇಂದಿಗೂ ಆ ವಿಷಯದ ಆಕರಗ್ರಂಥ. ಶಾಸನಗಳ ತೇದಿ ನಿರ್ಣಯಿಸುವವರಿಗೆಲ್ಲ ಬೇಕಾದ ಭಾರತೀಯ ಕಾಲಗಣನೆಯ ಇಂಗ್ಲಿಷ್ ಪುಸ್ತಕವನ್ನು ರಾಬರ್ಟ್ ಸೀವೆಲ್ ಅವರೊಂದಿಗೆ ಸೇರಿ ಅದೇ ವರ್ಷ ಹೊರತಂದರು. ಅದಕ್ಕಿಂತಲೂ ಈ ಪ್ರಬಂಧಕ್ಕೆ ಹತ್ತಿರವಾದದ್ದು ಅವರ ಇನ್ನೊಂದು ಕಿರುಪುಸ್ತಕ, ಜ್ಯೋತಿರ್ವಿಲಾಸ. ರಾತ್ರಿಯ ಎರಡು ಗಳಿಗೆಯ ಮೋಜು ಎಂಬರ್ಥದ ಉಪಶೀರ್ಷಿಕೆ ಹೊತ್ತು 1890ರ ದಶಕದ ಆರಂಭದಲ್ಲಿ ಬಂದ ಆ ಪುಸ್ತಕ, ಮುಹೂರ್ತ ವ್ರತಗಳನ್ನು ಬದಿಗಿಟ್ಟು, ಸಾಮಾನ್ಯ ಓದುಗನಿಗೆ ಆಕಾಶವನ್ನು ಆಕಾಶವಾಗಿಯೇ ಪರಿಚಯಿಸಿತು. ಯಾರ ತಿಥಿ ಸರಿ ಎಂದು ವಾದಿಸುತ್ತಿದ್ದ ಊರಿನಲ್ಲಿ, ಊಟವಾದ ಮೇಲೆ ಅಂಗಳಕ್ಕೆ ಬಂದು ನೋಡಿರಿ ಎಂದು ಹೇಳಿದ ಧೈರ್ಯ ಆ ಪುಸ್ತಕದ್ದು. ದೀಕ್ಷಿತರು 1898ರಲ್ಲಿ, ಇನ್ನೂ 45 ತುಂಬುವ ಮೊದಲೇ, ತೀರಿಕೊಂಡರು.

ವೆಂಕಟೇಶ ಬಾಪೂಜಿ ಕೇತಕರರು ದೀಕ್ಷಿತರ ಸಮವಯಸ್ಕರು. 1854ರಲ್ಲಿ ನರಗುಂದದಲ್ಲಿ ಹುಟ್ಟಿದ ಅವರಿಗೆ ನಾಲ್ಕು ವರ್ಷವಾದಾಗ ಆ ಊರಿನ ಸಂಸ್ಥಾನಿಕ ಬಾಬಾಸಾಹೇಬ ಭಾವೆಯವರು ಕಂಪನಿ ಸರ್ಕಾರದ ವಿರುದ್ಧ ದಂಗೆಯೆದ್ದು ಸಂಸ್ಥಾನವನ್ನೇ ಕಳೆದುಕೊಂಡರು. ಕೇತಕರರು ಶಿಕ್ಷಣ ಇಲಾಖೆಗೆ ಸೇರಿ ಬಾಗಲಕೋಟೆಯ ಇಂಗ್ಲಿಷ್ ಶಾಲೆಯ ಮುಖ್ಯೋಪಾಧ್ಯಾಯರಾದರು. ವೀಕ್ಷಣಾಲಯವಿಲ್ಲದ, ವಿಶ್ವವಿದ್ಯಾಲಯವಿಲ್ಲದ, ಗ್ರಂಥಾಲಯವೂ ಹೇಳಿಕೊಳ್ಳುವಂತಿಲ್ಲದ ಆ ಊರಿನಲ್ಲಿ ಕುಳಿತು ಅವರು ಮಾಡಿದ ಕೆಲಸ ಛತ್ರೆಯವರದಕ್ಕಿಂತ ವ್ಯಾಪಕವಾದದ್ದು: ಯುರೋಪಿನ ಖಗೋಳಜ್ಞರು ಗುರುತ್ವಸಿದ್ಧಾಂತದ ಆಧಾರದ ಮೇಲೆ ಕಟ್ಟಿದ ಗ್ರಹಕೋಷ್ಟಕಗಳನ್ನು ಅರಗಿಸಿಕೊಂಡು, ಅವನ್ನು ಅಹರ್ಗಣ, ಮಂದಫಲ, ಶೀಘ್ರಫಲ ಎಂಬ ಭಾರತೀಯ ಪರಿಭಾಷೆಗೂ ಸಂಸ್ಕೃತ ಶ್ಲೋಕಗಳಿಗೂ ಇಳಿಸಿ, 1890ರ ದಶಕದಲ್ಲಿ ಜ್ಯೋತಿರ್ಗಣಿತ ಎಂಬ ಬೃಹದ್ಗ್ರಂಥವನ್ನು ರಚಿಸಿದರು. ಅನಂತರ ಬಂದ ಕೇತಕೀ ಗ್ರಹಗಣಿತ ಕರಣಗ್ರಂಥದ ಅಚ್ಚಿನಲ್ಲಿಯೇ ಇದ್ದು, ಗ್ರಹಲಾಘವವನ್ನು ಬಾಯಿಪಾಠ ಮಾಡಿದ ಜೋಯಿಸ ಅದನ್ನು ಬದಿಗಿಟ್ಟು ಇದನ್ನು ಕೈಗೆತ್ತಿಕೊಳ್ಳಲು ಹೊಸ ವಿದ್ಯೆಯನ್ನೇನೂ ಕಲಿಯಬೇಕಾಗಿರಲಿಲ್ಲ. ಸುಧಾರಣೆಯ ಹಾದಿಯಲ್ಲಿ ಇದು ಕಡೆಗಣಿಸಬಹುದಾದ ಉಪಾಯವಲ್ಲ. ಛತ್ರೆಯವರ ಕೋಷ್ಟಕಗಳು ಇಂಗ್ಲಿಷ್ ಓದಿದವರನ್ನು ಒಪ್ಪಿಸಿದವು, ಕೇತಕರರ ಶ್ಲೋಕಗಳು ಪಂಚಾಂಗ ಕಟ್ಟುವವರನ್ನೇ ಒಲಿಸಿದವು.

ಆರಂಭಬಿಂದುವಿನ ಪ್ರಶ್ನೆಯಲ್ಲಿ ಕೇತಕರರು ಪುಣೆಯ ರೇವತಿ ಪಕ್ಷವನ್ನು ಬಿಟ್ಟು ಚಿತ್ರಾ ಪಕ್ಷವನ್ನು ಹಿಡಿದರು. ಇದರ ವ್ಯಾವಹಾರಿಕ ಬಲ ಎಷ್ಟಿತ್ತೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ಕಾಣಬಹುದು. ಗ್ರಹಲಾಘವದಂತೆ ಅಯನಾಂಶ ಶಕ 444ರಲ್ಲಿ ಸೊನ್ನೆಯಾಗಿದ್ದು ವರ್ಷಕ್ಕೊಂದು ಕಲೆಯಂತೆ, ಎಂದರೆ ಅಂಶದ ಅರವತ್ತನೆಯ ಒಂದು ಪಾಲಿನಂತೆ, ಬೆಳೆಯುತ್ತದೆ, ಕ್ರಿ.ಶ. 1900 ಎಂದರೆ ಶಕ 1822, ಆದ್ದರಿಂದ ಅಯನಾಂಶ 1378 ಕಲೆ, ಎಂದರೆ 22 ಅಂಶ 58 ಕಲೆ. ಚಿತ್ರಾ ನಕ್ಷತ್ರವನ್ನು 180 ಅಂಶದಲ್ಲಿಟ್ಟು ಅಳೆದರೆ ಅದೇ ವರ್ಷಕ್ಕೆ ಸುಮಾರು 22 ಅಂಶ 27 ಕಲೆ ಬರುತ್ತದೆ; ರೇವತಿಯಿಂದ ಅಳೆದರೆ 18 ಅಂಶ ಚಿಲ್ಲರೆ. ಎಂದರೆ ಚಿತ್ರಾ ಪಕ್ಷವನ್ನು ಒಪ್ಪಿದವರ ಮನೆಯ ಸಂಕ್ರಾಂತಿಗಳೂ ಅಧಿಕಮಾಸಗಳೂ ಬಹುಪಾಲು ಅಜ್ಜನ ಕಾಲದಲ್ಲಿದ್ದಂತೆಯೇ ಉಳಿದು, ಗ್ರಹಸ್ಥಾನಗಳು ಮಾತ್ರ ಶುದ್ಧವಾಗುತ್ತಿದ್ದವು. ರೇವತಿ ಪಕ್ಷವಾದರೆ ಹಬ್ಬಗಳೇ ಕದಲುತ್ತಿದ್ದವು. ಯಾವ ನಕ್ಷತ್ರ ಶಾಸ್ತ್ರಸಮ್ಮತ ಎಂಬ ಬಗ್ಗೆ ಇಬ್ಬದಿಯವರೂ ಪುಟಗಟ್ಟಲೆ ಬರೆದರು, ಆದರೆ ಗೆಲುವು ಕೊನೆಗೆ ಕ್ಯಾಲೆಂಡರನ್ನು ಕಡಿಮೆ ಕದಲಿಸಿದ ಪಕ್ಷಕ್ಕೆ ಬಂದದ್ದು ಆಕಸ್ಮಿಕವೇನಲ್ಲ.

ಕೇತಕರರ ಹೆಸರು ಪಂಚಾಂಗದ ಹೊರಗೂ ಒಮ್ಮೆ ಕೇಳಿಬಂತು. ಫ್ರಾನ್ಸಿನ ಖಗೋಳ ಸಂಘದ ಪತ್ರಿಕೆಯಲ್ಲಿ 1911ರಲ್ಲಿ ಪ್ರಕಟವಾದ ಲೇಖನದಲ್ಲಿ ಅವರು, ಗುರುವಿನ ಉಪಗ್ರಹಗಳ ಪರಿಭ್ರಮಣಕಾಲಗಳ ನಡುವೆ ಲಾಪ್ಲಾಸ್ ಕಂಡುಕೊಂಡ ಸಂಬಂಧವನ್ನು ದೂರದ ಗ್ರಹಗಳಿಗೂ ಅನ್ವಯಿಸಿ, ನೆಪ್ಚೂನಿನಾಚೆ ಎರಡು ಗ್ರಹಗಳಿರಬೇಕೆಂದು ಊಹಿಸಿ ಅವಕ್ಕೆ ಬ್ರಹ್ಮ ಮತ್ತು ವಿಷ್ಣು ಎಂದು ಹೆಸರಿಟ್ಟರು. ಬ್ರಹ್ಮನ ದೂರ ಸೂರ್ಯನಿಗೂ ಭೂಮಿಗೂ ಇರುವ ಅಂತರದ 38.95 ಪಟ್ಟು, ಪರಿಭ್ರಮಣಕಾಲ 242.28 ವರ್ಷ ಎಂಬುದು ಅವರ ಲೆಕ್ಕ. 1930ರಲ್ಲಿ ಪ್ಲೂಟೊ ಪತ್ತೆಯಾದಾಗ ಅದರ ದೂರ ಸುಮಾರು 39.5 ಪಟ್ಟು, ಕಾಲ ಸುಮಾರು 248 ವರ್ಷ ಎಂದು ತಿಳಿಯಿತು. ಕೇತಕರರು ತೀರಿಕೊಂಡದ್ದು ಅದೇ ವರ್ಷ. ಇದನ್ನು ಭವಿಷ್ಯವಾಣಿಯೆಂದು ಮೆರೆಸುವುದು ಅವರಿಗೆ ಮಾಡುವ ಉಪಕಾರವಲ್ಲ. ವಿಷ್ಣು ಸಿಗಲಿಲ್ಲ, ಪ್ಲೂಟೊ ಅವರು ಎಣಿಸಿದ ನಿಯಮಕ್ಕೆ ಒಳಪಟ್ಟದ್ದೂ ಅಲ್ಲ. ಸಂಖ್ಯೆಗಳು ಹತ್ತಿರ ಬಂದದ್ದರಲ್ಲಿ ಕಾಕತಾಳೀಯದ ಪಾಲೇ ಹೆಚ್ಚು. ಬಾಗಲಕೋಟೆಯ ಶಾಲಾ ಉಪಾಧ್ಯಾಯರೊಬ್ಬರು ಆ ಕಾಲದ ಯುರೋಪಿನ ಖಗೋಳಚರ್ಚೆಯಲ್ಲಿ ಸಮಾನಸ್ಕಂಧರಾಗಿ ಮಾತಾಡಿದರೆಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ.

ಪಂಚಾಂಗದ ವಾದ ಕಾಗದದ ಮೇಲೆ ನಡೆಯುತ್ತಿದ್ದಾಗಲೇ ಪುಣೆಯಲ್ಲಿ ದೇಶದ ಅತಿದೊಡ್ಡ ದೂರದರ್ಶಕವೂ ಇತ್ತು. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿದ್ದ ಕಾವಸಜಿ ದಾದಾಭಾಯಿ ನಾಯಗಾಂವ್‌ವಾಲಾ ಅವರು ಭಾವನಗರದ ಮಹಾರಾಜ ತಖ್ತಸಿಂಹಜಿಯವರಿಂದ 1882ರಲ್ಲಿ 5000 ರೂಪಾಯಿ ದಾನ ಪಡೆದು, ಮುಂಬಯಿ ಸರ್ಕಾರದಿಂದಲೂ ಅಷ್ಟೇ ಮೊತ್ತ ದೊರಕಿಸಿ, ವರ್ಣಪಟಲ ಅಧ್ಯಯನದ ಪ್ರಯೋಗಾಲಯವೊಂದನ್ನು ಯೋಜಿಸಿದರು. ಇಂಗ್ಲೆಂಡಿನ ಖಗೋಳಜ್ಞರ ಸಲಹೆಯಂತೆ ಅದು ವೀಕ್ಷಣಾಲಯವಾಗಿ ಬೆಳೆದು, ಪುಣೆಯ ವಿಜ್ಞಾನ ಕಾಲೇಜಿನ ಆವರಣದಲ್ಲಿ 1888ರಲ್ಲಿ ಮಹಾರಾಜ ತಖ್ತಸಿಂಹಜಿ ವೀಕ್ಷಣಾಲಯವೆಂದು ಕೆಲಸ ಆರಂಭಿಸಿತು. ಅಲ್ಲಿದ್ದ ಗ್ರಬ್ ಸಂಸ್ಥೆಯ 20 ಅಂಗುಲ ವ್ಯಾಸದ ಪ್ರತಿಫಲನ ದೂರದರ್ಶಕದಿಂದ ನಾಯಗಾಂವ್‌ವಾಲಾ ಅವರು ಮೃಗಶಿರದ ನೀಹಾರಿಕೆಯ ಬೆಳಕನ್ನು ವಿಶ್ಲೇಷಿಸಿದರು. ಬೆಳಕನ್ನು ಅದರ ಬಣ್ಣಗಳಿಗೆ ಬಿಡಿಸಿ ದೂರದ ಅನಿಲಗಳನ್ನು ಗುರುತಿಸುವ ಈ ವಿದ್ಯೆ ಆಗ ಯುರೋಪಿನಲ್ಲೂ ಹೊಸದೇ.

1898ರ ಜನವರಿ 22ರ ಖಗ್ರಾಸ ಸೂರ್ಯಗ್ರಹಣದ ಛಾಯೆ ಕೊಂಕಣದಿಂದ ಈಶಾನ್ಯಕ್ಕೆ ಹಾದುಹೋದಾಗ ಅವರು ಸೋಲಾಪುರ ಜಿಲ್ಲೆಯ ಜೇವೂರಿನಲ್ಲಿ ಬೀಡುಬಿಟ್ಟರು. ಅಮೆರಿಕದ ಲಿಕ್ ವೀಕ್ಷಣಾಲಯದ ಕ್ಯಾಂಪ್‌ಬೆಲ್ ಅವರ ತಂಡ ಅಲ್ಲಿಯೇ ಇತ್ತು, ಇಂಗ್ಲೆಂಡಿನ ಲಾಕ್ಯರ್ ವಿಜಯದುರ್ಗದಲ್ಲಿದ್ದರು. ಪ್ಲೇಗಿನಿಂದ ಪುಣೆ ತತ್ತರಿಸುತ್ತಿದ್ದ ಕಾಲವದು. ಆದರೂ ಎರಡೇ ನಿಮಿಷದ ಆ ಕತ್ತಲೆಗಾಗಿ ಜಗತ್ತಿನ ಖಗೋಳಜ್ಞರು ದಖನಿನ ಒಂದು ರೈಲುನಿಲ್ದಾಣದ ಬಯಲಿಗೆ ಬಂದಿಳಿದರು. ನಾಯಗಾಂವ್‌ವಾಲಾ 1912ರಲ್ಲಿ ನಿವೃತ್ತರಾದೊಡನೆ ವೀಕ್ಷಣಾಲಯವನ್ನು ಮುಚ್ಚಿ ಸಲಕರಣೆಗಳನ್ನು ಕೊಡೈಕನಾಲಿಗೆ ಸಾಗಿಸಲಾಯಿತು. ಒಬ್ಬ ವ್ಯಕ್ತಿಯ ಉತ್ಸಾಹದ ಮೇಲೆ ನಿಂತ ಸಂಸ್ಥೆಗೆ ಉತ್ತರಾಧಿಕಾರಿಯನ್ನು ಸರ್ಕಾರ ಹುಡುಕಲಿಲ್ಲ. ಭಾವನಗರ ದೂರದರ್ಶಕವೆಂದು ಹೆಸರಾದ ಆ ಯಂತ್ರ 1980ರ ದಶಕದಲ್ಲಿ ಲಡಾಖಿನ ಲೇಹ್ ವರೆಗೂ ಹೋಗಿ, ಅಲ್ಲಿನ ಆಕಾಶ ವೀಕ್ಷಣೆಗೆ ತಕ್ಕುದೇ ಎಂದು ಪರೀಕ್ಷಿಸಲು ನೆರವಾಯಿತು. ಪುಣೆಯ ಪಂಚಾಂಗಕಾರರಿಗೂ ಈ ವೀಕ್ಷಣಾಲಯಕ್ಕೂ ಗಾಢ ಸಂಬಂಧ ಬೆಳೆಯಲಿಲ್ಲವೆಂದೇ ತೋರುತ್ತದೆ. ಅವರಿಗೆ ಬೇಕಾದದ್ದು ಗ್ರಹಗಳ ಸ್ಥಾನ, ಇವರು ನೋಡುತ್ತಿದ್ದುದು ನಕ್ಷತ್ರಗಳ ದ್ರವ್ಯ; ಒಂದೇ ಊರಿನಲ್ಲಿದ್ದರೂ ಎರಡು ಖಗೋಳವಿಜ್ಞಾನಗಳು ಬೇರೆ ಬೇರೆ ದಾರಿಯಲ್ಲಿದ್ದವು.

ಪಂಚಾಂಗದ ಪ್ರಶ್ನೆಯನ್ನು ಸಾರ್ವಜನಿಕ ಪ್ರಶ್ನೆಯಾಗಿಸಿದವರು ಬಾಳ ಗಂಗಾಧರ ತಿಲಕರು. ಡೆಕ್ಕನ್ ಕಾಲೇಜಿನಲ್ಲಿ ಛತ್ರೆಯವರ ಶಿಷ್ಯರಾಗಿದ್ದ ಅವರು ವಿಷುವಬಿಂದು ಜಾರುವ ಗಣಿತವನ್ನೇ ಆಧಾರವಾಗಿಟ್ಟುಕೊಂಡು, ವೇದಗಳಲ್ಲಿ ಬರುವ ಮೃಗಶಿರದ ಉಲ್ಲೇಖಗಳಿಂದ ಅವುಗಳ ಕಾಲವನ್ನು ನಿರ್ಣಯಿಸಲು ಯತ್ನಿಸಿದ ಓರಾಯನ್ ಎಂಬ ಇಂಗ್ಲಿಷ್ ಗ್ರಂಥವನ್ನು 1893ರಲ್ಲಿ ಪ್ರಕಟಿಸಿದ್ದರು. 1904ರಲ್ಲಿ ಮುಂಬಯಿಯಲ್ಲಿ, ಅವರ ಕೊನೆಯ ವರ್ಷಗಳಲ್ಲಿ ಸಾಂಗ್ಲಿಯಲ್ಲಿ ಜ್ಯೋತಿಷಿಗಳ ಸಮ್ಮೇಳನಗಳು ನಡೆದು, ಗ್ರಹಗತಿ ಆಕಾಶಕ್ಕೆ ಹೊಂದಬೇಕೆಂಬ ವಿಷಯದಲ್ಲಿ ಸಹಮತ ಬೆಳೆಯಿತು. ಆರಂಭಬಿಂದುವಿನ ವಿಷಯದಲ್ಲಿ ಬೆಳೆಯಲಿಲ್ಲ. ತಿಲಕರು ಗುರುವಿನಂತೆ ರೇವತಿ ಪಕ್ಷದಲ್ಲೇ ನಿಂತರು, ಅವರ ಹೆಸರಿನಲ್ಲಿ ಹೊರಡುವ ಪಂಚಾಂಗವೂ ಅದನ್ನೇ ಹಿಡಿದಿದೆ.

ಸ್ವಾತಂತ್ರ್ಯಾನಂತರ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿಯಲ್ಲಿ ತಿಲಕರ ಕೇಸರಿ ಪತ್ರಿಕೆಯ ಮಾಜಿ ಸಂಪಾದಕ ಜ.ಸ. ಕರಂದೀಕರರು ಪುಣೆಯಿಂದ ಸದಸ್ಯರಾಗಿದ್ದರು. 1955ರ ವರದಿ ಒಂದು ಬಗೆಯಲ್ಲಿ ಎಲ್ಲ ಪಕ್ಷಗಳಿಗೂ ಏನಾದರೊಂದನ್ನು ಹಂಚಿತು. 1957ರ ಮಾರ್ಚ್ 22ರಂದು ಜಾರಿಗೆ ಬಂದ ರಾಷ್ಟ್ರೀಯ ಶಕ ಪಂಚಾಂಗದ ವರ್ಷ ವಸಂತ ವಿಷುವದ ಮರುದಿನ ಆರಂಭವಾಗುತ್ತದೆ. ಲೇಲೆ, ದೀಕ್ಷಿತರು ಕೇಳಿದ್ದ ಸಾಯನ ವರ್ಷ ಇದೇ. ನಕ್ಷತ್ರಗಣನೆಗೆ ಮಾತ್ರ ಚಿತ್ರಾ ಪಕ್ಷವನ್ನು ಸ್ವೀಕರಿಸಿ, 1956ರ ಮಾರ್ಚ್ 21ಕ್ಕೆ ಅಯನಾಂಶ 23 ಅಂಶ 15 ಕಲೆ ಎಂದು ಸಮಿತಿ ನಿಗದಿಪಡಿಸಿತು. ಬಾಗಲಕೋಟೆಯಿಂದ ಕೇತಕರರು ವಾದಿಸಿದ ಪಕ್ಷ ಅದು. ಸರ್ಕಾರಿ ಕಾಗದಗಳ ಆಚೆ ಆ ಶಕ ದಿನಾಂಕವನ್ನು ಯಾರೂ ಹೆಚ್ಚು ಬಳಸುವುದಿಲ್ಲವೆಂಬುದು ಬೇರೆ ಮಾತು.

ಅಷ್ಟರಲ್ಲಿ ಪುಣೆಯಲ್ಲಿ ಆಕಾಶ ನೋಡುವ ಹವ್ಯಾಸ ಪಂಚಾಂಗದ ಹಂಗಿನಿಂದ ಬಿಡಿಸಿಕೊಂಡಿತ್ತು. 1944ರಲ್ಲಿ ಸ್ಥಾಪನೆಯಾದ ಜ್ಯೋತಿರ್ವಿದ್ಯಾ ಪರಿಸಂಸ್ಥೆ, ದೇಶದ ಹವ್ಯಾಸಿ ಖಗೋಳ ಸಂಘಗಳಲ್ಲಿ ಅತ್ಯಂತ ಹಳೆಯದೆಂಬ ಹೆಗ್ಗಳಿಕೆಯದು. ಅದರ ಹೆಸರಿನಲ್ಲೇ ಹಳೆಯ ಶಾಸ್ತ್ರದ ನೆನಪಿದ್ದರೂ ಅದು ಕಲಿಸುವುದು ದೂರದರ್ಶಕ ಹಿಡಿದು ನೋಡುವುದನ್ನು. ತಿಲಕ ರಸ್ತೆಯ ನ್ಯೂ ಇಂಗ್ಲಿಷ್ ಶಾಲೆಯಲ್ಲಿ 1954ರಲ್ಲಿ ತೆರೆದ ಕುಸುಮಬಾಯಿ ಮೋತಿಚಂದ ತಾರಾಲಯ ಮಳೆಗಾಲದಲ್ಲೂ ಮಕ್ಕಳಿಗೆ ಆಕಾಶವನ್ನು ತೋರಿಸಿತು; ಜೂನಿನಿಂದ ಸೆಪ್ಟೆಂಬರಿನ ವರೆಗೆ ಮೋಡ ಕವಿದಿರುವ, ಶ್ರವಣದ ಬಳಿ ನಿಲ್ಲುವ ಹುಣ್ಣಿಮೆ ಕಣ್ಣಿಗೆ ಬೀಳುವುದೇ ಅಪರೂಪವಾದ ಊರಿಗೆ ಇದು ಸಣ್ಣ ಸೌಲಭ್ಯವಲ್ಲ. ಜಯಂತ ನಾರಳೀಕರರ ಮುಂದಾಳುತನದಲ್ಲಿ 1988ರಲ್ಲಿ ರೂಪುಗೊಂಡ ಅಂತರ ವಿಶ್ವವಿದ್ಯಾಲಯ ಖಗೋಳ ಕೇಂದ್ರವೂ, ನಾರಾಯಣಗಾಂವ್ ಬಳಿಯ ಖೋಡದದಲ್ಲಿ ಗೋವಿಂದ ಸ್ವರೂಪರು ಕಟ್ಟಿಸಿದ, 45 ಮೀಟರ್ ವ್ಯಾಸದ 30 ಬಟ್ಟಲುಗಳ ರೇಡಿಯೊ ದೂರದರ್ಶಕವೂ ಬಂದ ಮೇಲೆ, ಪುಣೆ ಭಾರತದ ಖಗೋಳವಿಜ್ಞಾನದ ಮುಖ್ಯ ನೆಲೆಗಳಲ್ಲೊಂದಾಯಿತು. ಆ ಕಥೆ ಪ್ರತ್ಯೇಕವಾಗಿ ಹೇಳತಕ್ಕದ್ದು.

ಹಳೆಯ ವಿವಾದದ ಕುರುಹು ಪೂರ್ತಿ ಅಳಿಸಿಲ್ಲ. ಕನ್ನಡದ ಗಡಿಜಿಲ್ಲೆಯಾದ ಸೋಲಾಪುರದ ದಾತೆ ಪಂಚಾಂಗದಂತೆ, ಕರ್ನಾಟಕದ ದೃಗ್ಗಣಿತ ಪಂಚಾಂಗಗಳಂತೆ ಮಕರ ಸಂಕ್ರಾಂತಿ ಜನವರಿ 14 ಅಥವಾ 15ಕ್ಕೆ ಬಂದರೆ, ತಿಲಕ ಪಂಚಾಂಗವನ್ನು ಅನುಸರಿಸುವ ಮನೆಗಳಲ್ಲಿ ಅದು ಜನವರಿ 10ರ ಸುಮಾರಿಗೇ ಆಗಿಹೋಗುತ್ತದೆ. ಎರಡರಲ್ಲಿ ಯಾವುದು ಸರಿ ಎಂದು ಕೇಳುವವರಿಗೆ ಆಕಾಶ ನೇರ ಉತ್ತರ ಕೊಡದು, ಏಕೆಂದರೆ ಸೂರ್ಯನ ಸ್ಥಾನದಲ್ಲಿ ಇಬ್ಬರಿಗೂ ಈಗ ಭಿನ್ನಾಭಿಪ್ರಾಯವಿಲ್ಲ, ಎಣಿಕೆ ಆರಂಭಿಸುವ ಜಾಗದಲ್ಲಷ್ಟೇ ಇದೆ. ಚಿತ್ರಾ ನಕ್ಷತ್ರವನ್ನು ಚೈತ್ರದ ಸಂಜೆ ಪುಣೆಯ ಯಾವ ಮಾಳಿಗೆಯ ಮೇಲಿಂದಾದರೂ ಪೂರ್ವದಲ್ಲಿ ಬರಿಗಣ್ಣಿಗೆ ಗುರುತಿಸಬಹುದು. ರೇವತಿಯ ತಾರೆಯನ್ನು ಕಾಣಬೇಕಾದರೆ ಕಾರ್ತಿಕದ ಅಮಾವಾಸ್ಯೆಯ ಆಸುಪಾಸಿನಲ್ಲಿ ನಗರದ ದೀಪಗಳಿಂದ ದೂರ ಹೋಗಬೇಕು, ಇಲ್ಲವೇ ದುರ್ಬೀನಿನ ಸಹಾಯ ಪಡೆಯಬೇಕು.